ಉಡಿದಾರದ ಕೆಳಗೆ

ಬಾಚಣಿಗೆಯಿಂದ ತಲೆ ಬಾಚುವವರನ್ನು ಎಲ್ಲರೂ ಕಂಡಿದ್ದಾರೆ. ತಿಪ್ಪೇಶ ಬಾಚಣಿಗೆಯಿಂದ ಸೊಂಟ ಕೆರೆದುಕೊಳ್ಳುತ್ತಿದ್ದ. ಶಿಕಾರಿಪುರದ ಮಾರ್ಕೆಟ್ ಯಾರ್ಡಿನಲ್ಲಿ ದಿನವಿಡೀ ಮೆಕ್ಕೆಜೋಳದ ಚೀಲ ಹೊತ್ತು, ಬೆವರು ಆರುವ ಮೊದಲೇ ಮನೆಗೆ ಬಂದು, ಕಟ್ಟೆಯ ಮೇಲೆ ಕೂತು, ಅಂಗಿ ಎತ್ತಿ, ಕಣ್ಣು ಅರ್ಧ ಮುಚ್ಚಿ, ಕರಕರ ಕರಕರ ಎಂದು ಶುರು ಮಾಡಿದನೆಂದರೆ ಕೇಳುವವರ ಮೈಯೂ ಕೆರೆಯಬೇಕು. ಆಮೇಲೆ ಅದೇ ಬಾಚಣಿಗೆಯನ್ನು ಕನ್ನಡಿಯ ಹಿಂದೆ ಸಿಕ್ಕಿಸುತ್ತಿದ್ದ. ಮರುದಿನ ಬೆಳಿಗ್ಗೆ ಅದನ್ನೇ ತೆಗೆದು ಕ್ರಾಪು ತೆಗೆಯುತ್ತಿದ್ದ. ಅದರ ಹಲ್ಲುಗಳ ಸಂದಿಯಲ್ಲಿ ಬಿಳಿ ಹೊಟ್ಟು. ಛೀ! ಹದಿನಾಲ್ಕು ವರ್ಷ ಸಂಸಾರ ಮಾಡಿದ ಹೆಂಡತಿ ಶಶಿರೇಖಾಳಿಗೇ ಅದನ್ನು ಕಂಡರೆ ಹೇಸಿಗೆಯಾಗುತ್ತಿತ್ತು ಎಂದಮೇಲೆ ಬೇರೆಯವರ ಮಾತು ಬಿಡಿ.

ಆದರೆ ಮೂಗು ಮುಚ್ಚಿಕೊಂಡು ದೂರ ನಿಲ್ಲುವ ಕಾಲ ಅವಳಿಗೂ ಮುಗಿದಿತ್ತು. ಅವಳ ಸೊಂಟದಲ್ಲೂ, ಲಂಗದ ಲಾಡಿ ಬಿಗಿಯುವ ಜಾಗದಲ್ಲೇ, ಅದೇ ಕೆಂಪು ಉಂಗುರ ಎದ್ದು ಎಂಟು ತಿಂಗಳಾಗಿತ್ತು. ಅಲ್ಲಿಂದ ತೊಡೆಸಂದಿಗೆ ಇಳಿಯಿತು. ಕೆರೆದ ಉಗುರನ್ನು ಹಿಡಿದುಕೊಂಡು ಬಲಗೈಯ ಮುಂದೋಳಿಗೂ ಬಂತು. ಸೊಂಟದ್ದನ್ನು ಸೀರೆ ಮುಚ್ಚುತ್ತದೆ, ತೊಡೆಯದನ್ನು ನಾಚಿಕೆ ಮುಚ್ಚುತ್ತದೆ, ಮುಂದೋಳಿನದನ್ನು ಏನು ಮುಚ್ಚಬೇಕು? ಅದೂ ಶಶಿರೇಖಾಳ ಕೈ. ಅವಳು ಊರಿನ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ನೂರಾ ಮೂವತ್ತು ಮಕ್ಕಳ ತಟ್ಟೆಗೆ ಸೌಟು ಚಾಚುವ ಕೈ ಅದು.

ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಎಲ್ಲ ಬಯಲಾಯಿತು. ಅವಳ ಬೀದಿಯವಳೇ ಆದ ಧನಲಕ್ಷ್ಮಿ, ಮೂರನೇ ಕ್ಲಾಸಿನಲ್ಲಿರುವ ಮಗನಿಗೆ ಕೊಡೆ ಕೊಡಲು ಬಂದವಳು, ಊಟದ ಸಾಲಿನಲ್ಲಿ ನಿಂತು ನೋಡಿದಳು. ಬೆವರಿಗೆ ಶಶಿರೇಖಾ ರವಿಕೆಯ ಉದ್ದ ತೋಳನ್ನು ಮೇಲೆ ಸರಿಸಿದ್ದಳು. ಧನಲಕ್ಷ್ಮಿ ಮಗನ ತಟ್ಟೆಯನ್ನು ಕಿತ್ತುಕೊಂಡು ಅನ್ನ ಸಾರು ಎಲ್ಲವನ್ನೂ ಮೋರಿಗೆ ಸುರಿದಳು. ಇಂಥ ಹುಳುಕಡ್ಡಿ ಕೈಯಲ್ಲಿ ಮಕ್ಕಳಿಗೆ ಬಡಿಸುತ್ತಾರಾ, ಇದನ್ನು ತಿಂದರೆ ಮಕ್ಕಳು ಉಳಿಯುತ್ತಾವಾ ಎಂದು ಅವಳು ಕೂಗಿದ್ದು ಏಳನೇ ಕ್ಲಾಸಿನ ಕೋಣೆಯವರೆಗೂ ಕೇಳಿಸಿತು. ನೂರಾ ಮೂವತ್ತು ಮಕ್ಕಳು ತಟ್ಟೆ ಬಿಟ್ಟು ಶಶಿರೇಖಾಳ ಕೈ ನೋಡಿದರು. ಒಬ್ಬಳು ಪುಟ್ಟ ಹುಡುಗಿ ಬಾಯಿಗೆ ಹಾಕಿಕೊಂಡಿದ್ದ ತುತ್ತನ್ನು ಮೆಲ್ಲಗೆ ಹೊರಗೆ ತೆಗೆದು ತಟ್ಟೆಯಲ್ಲಿಟ್ಟಳು.

ಹೆಡ್ ಮೇಡಂ ಕೆಟ್ಟವರಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ. ಔಷಧಿ ಮಾಡಿಸಿಕೊಳ್ಳಲು ರಜೆ ಕೊಟ್ಟರು. ದಸರಾ ರಜೆ ಮುಗಿದು ಶಾಲೆ ಶುರುವಾಗುವ ಸೋಮವಾರದ ಹೊತ್ತಿಗೆ ಕೈ ನೆಟ್ಟಗಾಗಿರಬೇಕು, ಇಲ್ಲದಿದ್ದರೆ ಬೇರೆಯವರನ್ನು ಹಾಕಿ ಎಂದು ತಾಯಂದಿರು ಪಟ್ಟು ಹಿಡಿದಿದ್ದಾರೆ, ನನ್ನ ಕೈಯಲ್ಲಿ ಏನೂ ಇಲ್ಲ ಎಂದರು. ಶಶಿರೇಖಾ ಒಂಬತ್ತು ವರ್ಷದಿಂದ ಆ ಒಲೆಯ ಮುಂದೆ ನಿಂತವಳು. ಇನ್ನೊಂದು ಸೌಟು ಹಾಕಕ್ಕಾ ಎಂದು ಮಕ್ಕಳು ತಟ್ಟೆ ಚಾಚುವಾಗ ಸಿಗುತ್ತಿದ್ದ ಮರ್ಯಾದೆ ಅವಳಿಗೆ ಬೇರೆಲ್ಲೂ ಸಿಕ್ಕಿದ್ದಿಲ್ಲ. ಮನೆಯಲ್ಲಂತೂ ಸಿಕ್ಕಿದ್ದೇ ಇಲ್ಲ.

ಮನೆಯಲ್ಲಿ ಅತ್ತೆ ಹೂವಮ್ಮ ಇದ್ದಳು. ಶಾಲೆಯ ಸುದ್ದಿ ಕೇಳಿದ ದಿನದಿಂದಲೇ ಅವಳು ಸೊಸೆ ಮಾಡಿದ ಅಡುಗೆ ಮುಟ್ಟಲಿಲ್ಲ. ಬೇರೆ ಪಾತ್ರೆ, ಬೇರೆ ಒಲೆ. ತನಗೂ ಮಗನಿಗೂ ತಾನೇ ಮುದ್ದೆ ತಿರುವಿಕೊಂಡು, ಮಗನ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದಳು. ಮಗ ಎಡಗೈಯಲ್ಲಿ ಕೆರೆದುಕೊಳ್ಳುತ್ತ ಬಲಗೈಯಲ್ಲಿ ಮುರಿದುಕೊಳ್ಳುತ್ತಿದ್ದ. ಅದು ಅವಳ ಕಣ್ಣಿಗೆ ಬೀಳಲಿಲ್ಲ. ತಮ್ಮ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಹುಡುಕುವವರು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಮಗನಿಗೆ ಬಂದದ್ದು ದೈವದ ಕಾಟ, ಸೊಸೆಗೆ ಬಂದದ್ದು ಕೊಳಕು. ಹೂವಮ್ಮನ ಲೆಕ್ಕ ಅಷ್ಟೇ.

ದೈವದ ಕಾಟ ಎಂದು ಅವಳು ತೀರ್ಮಾನ ಮಾಡಿದ್ದಕ್ಕೂ ಒಂದು ಕತೆ ಇದೆ. ಎರಡು ವರ್ಷದ ಹಿಂದೆ ತಿಪ್ಪೇಶನ ಸೊಂಟದಲ್ಲಿ, ಉಡಿದಾರದ ಕೆಳಗೆ, ರೂಪಾಯಿಯಗಲದ ಒಂದು ಕೆಂಪು ಉಂಗುರ ಎದ್ದಿತು. ಯಾರನ್ನೋ ಕೇಳಿ ಔಷಧಿ ಅಂಗಡಿಯಿಂದ ಒಂದು ಟ್ಯೂಬು ತಂದು ಹಚ್ಚಿದ. ಮೂರೇ ದಿನಕ್ಕೆ ನವೆ ನಿಂತಿತು, ವಾರಕ್ಕೆ ಕೆಂಪು ಮಾಯ. ಟ್ಯೂಬು ಮುಗಿದ ಹದಿನೈದು ದಿನಕ್ಕೆ ಒಂದಿದ್ದ ಉಂಗುರ ಮೂರಾಗಿ ಬಂತು. ಮತ್ತೆ ಟ್ಯೂಬು, ಮತ್ತೆ ಮಾಯ, ಮತ್ತೆ ಆರು. ಹೀಗೆ ಉಂಗುರಗಳು ಒಂದಕ್ಕೊಂದು ಕೂಡಿಕೊಂಡು ದಾರದ ಗುಂಟವೇ ಹರಿದು ಸೊಂಟವನ್ನು ಸುತ್ತತೊಡಗಿದವು. ಹೂವಮ್ಮ ನೋಡಿದಳು, ಎದೆ ಬಡಿದುಕೊಂಡಳು. ಇದು ಹುಳುಕಡ್ಡಿಯಲ್ಲ, ಸರ್ಪಸುತ್ತು. ಹಾವು ಸೊಂಟ ಸುತ್ತುತ್ತಿದೆ, ತಲೆಯೂ ಬಾಲವೂ ಕೂಡಿದವೋ ಮಗ ಹೋದ ಎಂದು ಅವತ್ತೇ ಅವನನ್ನು ಬಸ್ಸು ಹತ್ತಿಸಿ ಸೊರಬ ಸೀಮೆಯ ಜಡೆ ಎಂಬ ಊರಿಗೆ, ತನ್ನ ತವರಿಗೆ, ಕರೆದುಕೊಂಡು ಹೋದಳು. ಅಲ್ಲಿ ಅವಳ ಅಣ್ಣ ಉಜ್ಜಪ್ಪ ಸರ್ಪಸುತ್ತಿಗೆ ಕೆಮ್ಮಣ್ಣು ಬರೆಯುವುದರಲ್ಲಿ ಹೆಸರಾದವನು.

ಉಜ್ಜಪ್ಪ ಕೆಮ್ಮಣ್ಣು ಕಲಸಿ, ಕಲೆಯ ಎರಡೂ ತುದಿಗೆ ಹಾವಿನ ಹೆಡೆ ಬರೆದು, ಮಂತ್ರಿಸಿದ ಕರಿದಾರವೊಂದನ್ನು ಸೊಂಟಕ್ಕೆ ಬಿಗಿದ. "ತಲೆ ಬಾಲ ಕೂಡಕ್ಕೆ ಬಿಡಬಾರ್ದು ಮಾರಾಯ. ದಾರ ಅಡ್ಡ ಇರ್ಬೇಕು, ತೆಗಿಬೇಡ" ಎಂದ. ಹಳೆಯ ಉಡಿದಾರವನ್ನೂ ತೆಗೆಯುವಂತಿಲ್ಲ. ಅವರ ಮಂದಿಯಲ್ಲಿ ಗಂಡಸಿನ ಉಡಿದಾರ ಕತ್ತರಿಸುವುದು ಎರಡೇ ಸಲ: ಅವನು ಸತ್ತು ಹೆಣವಾದಾಗ, ಇಲ್ಲವೇ ಅವನ ಹೆಂಡತಿ ಸತ್ತಾಗ. ಹಾಗಾಗಿ ಹಳೆಯದರ ಮೇಲೆ ಹೊಸದು. ನವೆ ಹೆಚ್ಚಾದಾಗಲೆಲ್ಲ ಜಡೆ, ಜಡೆಗೆ ಹೋದಾಗಲೆಲ್ಲ ಇನ್ನೊಂದು ದಾರ. ಎರಡು ವರ್ಷದಲ್ಲಿ ಹಳೆಯದೂ ಸೇರಿ ಐದು ದಾರವಾದವು. ಬೆಳಿಗ್ಗೆ ಸ್ನಾನದಲ್ಲಿ ನೆನೆದ ದಾರ ಮಧ್ಯಾಹ್ನದವರೆಗೂ ಒಣಗುತ್ತಿರಲಿಲ್ಲ. ಅಷ್ಟರಲ್ಲಿ ಚೀಲ ಹೊತ್ತ ಬೆವರು ಇಳಿಯುತ್ತಿತ್ತು. ಒಗೆಯದೆ ಎರಡು ವರ್ಷ ಸೊಂಟಕ್ಕೆ ಸುತ್ತಿಕೊಂಡ ಒದ್ದೆ ಬಟ್ಟೆ ಎಂದರೆ ಯಾರಾದರೂ ಥೂ ಎನ್ನುತ್ತಾರೆ. ಉಡಿದಾರ ಎಂದರೆ ಕೈಮುಗಿಯುತ್ತಾರೆ.

ಶಾಲೆಯಿಂದ ಅವಮಾನ ಹೊತ್ತು ಬಂದ ವಾರದಲ್ಲೇ ಶಶಿರೇಖಾ ಒಬ್ಬಳೇ ಚರ್ಮದ ಡಾಕ್ಟರ ಹತ್ತಿರ ಹೋಗಿದ್ದಳು. ಡಾಕ್ಟರು ಹೆಂಗಸು, ರಮ್ಯ ಎಂದು ಹೆಸರು, ಅದೇ ಅವಳಿಗೆ ಧೈರ್ಯ. ಸೀರೆ ಸರಿಸಿ ತೋರಿಸುವಾಗ ಶಶಿರೇಖಾಳಿಗೆ ತನ್ನ ಮೈಯನ್ನೇ ಕಿತ್ತೆಸೆಯಬೇಕು ಎನ್ನಿಸಿತು. ಅಂಚು ಕೆಂಪಗೆ ಉಬ್ಬಿ, ನಡುವೆ ಕಪ್ಪಗೆ ಒಣಗಿ, ಹೊಟ್ಟು ಏಳುತ್ತಿದ್ದ ಚರ್ಮ. ಡಾಕ್ಟರು ಮುಖ ಸಿಂಡರಿಸಲಿಲ್ಲ. ದಿನಕ್ಕೆ ಇಪ್ಪತ್ತು ಜನ ಇದನ್ನೇ ತರುತ್ತಾರೆ ಎಂದರು. ಇದು ಹುಳವೂ ಅಲ್ಲ, ಹಾವೂ ಅಲ್ಲ, ಉಪ್ಪು ಕಮ್ಮಿಯಾದ ಉಪ್ಪಿನಕಾಯಿಯ ಮೇಲೆ ಬರುತ್ತದಲ್ಲ ಬೂಷ್ಟು, ಅದರ ಜಾತಿಯದು, ಬೆವರು ಆರದ ಜಾಗ ಸಿಕ್ಕರೆ ಚರ್ಮದ ಮೇಲೆ ಬೇರು ಬಿಡುತ್ತದೆ ಎಂದರು. ಟ್ಯೂಬಿನ ಗುಟ್ಟನ್ನೂ ಹೇಳಿದರು. ಅದರಲ್ಲಿ ಸ್ಟೆರಾಯ್ಡ್ ಬೆರೆಸಿರುತ್ತಾರೆ, ಅದು ನವೆಯನ್ನು ಮಲಗಿಸುತ್ತದೆಯೇ ಹೊರತು ಬೂಷ್ಟನ್ನು ಕೊಲ್ಲುವುದಿಲ್ಲ. ಮೇಲೆ ವಾಸಿಯಾದಂತೆ ಕಾಣುತ್ತದೆ, ಕೆಳಗೆ ಅದು ಹಬ್ಬುತ್ತಲೇ ಇರುತ್ತದೆ.

ಮಾತ್ರೆ ಬರೆದುಕೊಟ್ಟರು. ಬೇರೆ ಮುಲಾಮು ಕೊಟ್ಟು ಕಲೆಯ ಅಂಚಿನಿಂದ ಎರಡು ಬೆರಳು ಆಚೆಯವರೆಗೂ ಹಚ್ಚಬೇಕು, ವಾಸಿಯಾಯಿತು ಎಂದು ಕಂಡಮೇಲೂ ಎರಡು ವಾರ ಬಿಡಬಾರದು ಎಂದರು. ಒಬ್ಬರಿಗೊಂದು ಟವೆಲ್ಲು, ಒಳಬಟ್ಟೆಯೆಲ್ಲ ಬಿಸಿನೀರಲ್ಲಿ ಒಗೆದು ಬಿಸಿಲಿಗೆ. ಎಲ್ಲಕ್ಕಿಂತ ಮುಖ್ಯ, ಮನೆಯಲ್ಲಿ ಯಾರಿಗಿದೆಯೋ ಅವರೆಲ್ಲ ಒಟ್ಟಿಗೆ ಔಷಧಿ ತೆಗೆದುಕೊಳ್ಳಬೇಕು.

ಶಶಿರೇಖಾ ಒಂದಕ್ಷರ ತಪ್ಪಲಿಲ್ಲ. ಲಂಗವನ್ನು ಸೀರೆಯ ಅಡಿಯಲ್ಲಿ ಮುಚ್ಚಿ ಬಚ್ಚಲ ಕತ್ತಲೆಯಲ್ಲಿ ಒಣಹಾಕುವುದು ಆ ಮನೆಯ ಪದ್ಧತಿ. ಅವಳು ಅದನ್ನು ತಾರಸಿಯ ಮೇಲೆ, ಬೀದಿಗೆಲ್ಲ ಕಾಣುವ ಹಾಗೆ, ಸೂರ್ಯನ ಮುಂದೆ ಹರವಿದಳು. ಹೂವಮ್ಮ ಮಾನ ಹೋಯಿತು ಎಂದು ಗೊಣಗಿದಳು. ಶಶಿರೇಖಾ ಕಿವಿಗೆ ಹಾಕಿಕೊಳ್ಳಲಿಲ್ಲ. ಗಂಡನಿಗೂ ಡಾಕ್ಟರು ಬರೆದುಕೊಟ್ಟ ಮಾತ್ರೆ ತಂದು ಕೈಯಲ್ಲಿಟ್ಟಳು. ಅವನು ಹತ್ತು ದಿನ ನುಂಗಿದ, ನವೆ ಕಮ್ಮಿಯಾಯಿತು, ಬಿಟ್ಟುಬಿಟ್ಟ. ಡಾಕ್ಟರ ಹತ್ತಿರ ಬನ್ನಿ ಎಂದರೆ ಯಾರ್ಡಿನಲ್ಲಿ ಲೋಡು ಬಂದಿದೆ ಎನ್ನುತ್ತಿದ್ದ. ಐದು ವಾರಕ್ಕೆ ಅವಳ ತೋಳು ಮೊದಲಿನಂತಾಯಿತು. ಅವಳು ಅದನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿಕೊಂಡಳು.

ಶಾಲೆ ಶುರುವಾಗಲು ನಾಲ್ಕು ದಿನ ಇರುವಾಗ, ಗುರುವಾರ ಬೆಳಿಗ್ಗೆ, ಅದೇ ತೋಳಿನಲ್ಲಿ ಕಡಲೆಕಾಳಿನಷ್ಟು ಕೆಂಪು ಎದ್ದಿತ್ತು. ಶನಿವಾರದ ಹೊತ್ತಿಗೆ ಅದು ಉಂಗುರವಾಯಿತು. ಶಶಿರೇಖಾ ಅಳಲಿಲ್ಲ. ನೇರ ಮಾರ್ಕೆಟ್ ಯಾರ್ಡಿಗೆ ಹೋಗಿ, ಚೀಲದ ಸಾಲಿನ ನಡುವೆ ನಿಂತು, ನೀವು ಈಗ ಬರದಿದ್ದರೆ ಇಲ್ಲೇ ಎಲ್ಲರ ಮುಂದೆ ನಿಮ್ಮ ಅಂಗಿ ಎತ್ತಿ ತೋರಿಸುತ್ತೇನೆ ಎಂದಳು. ತಿಪ್ಪೇಶ ಬಂದ.

ಡಾಕ್ಟರು ಅಂಗಿ ಎತ್ತಿಸಿದರು. ದಿನಕ್ಕೆ ಇಪ್ಪತ್ತು ಜನರನ್ನು ನೋಡುವ ಡಾಕ್ಟರು ಕೂಡ ಒಂದು ಗಳಿಗೆ ಕಿಟಕಿಯ ಕಡೆ ಮುಖ ತಿರುಗಿಸಿದರು. ಹಳಸಿದ ಗಂಜಿಯ ನಾತ. ಐದು ದಾರಗಳು ಬೆವರು, ಧೂಳು, ಕೆಮ್ಮಣ್ಣು ಕೂಡಿ ಒಂದೇ ಹಗ್ಗವಾಗಿದ್ದವು. ಚಿಮಟಿಗೆಯಿಂದ ಅದನ್ನು ಸ್ವಲ್ಪ ಎತ್ತಿದರೆ ಕೆಳಗಿನ ಚರ್ಮ ನೆನೆಸಿದ ಅವಲಕ್ಕಿಯ ಹಾಗೆ ಬೆಳ್ಳಗೆ ಮೆತ್ತಗಾಗಿ ದಾರಕ್ಕೇ ಅಂಟಿಕೊಂಡು ಬಂತು. ಟ್ಯೂಬು ತಿಕ್ಕಿ ತಿಕ್ಕಿ ಸುತ್ತಲಿನ ಚರ್ಮ ತೆಳ್ಳಗಾಗಿ ಗೀರು ಬಿದ್ದಿತ್ತು. ಒಂಬತ್ತು ವರ್ಷ ನೂರಾರು ಜನರ ಎಂಜಲು ತಟ್ಟೆ ಕಂಡ ಶಶಿರೇಖಾ ಸೆರಗಿನಿಂದ ಬಾಯಿ ಒತ್ತಿ ಹಿಡಿದಳು. ಈ ಮನುಷ್ಯನ ಪಕ್ಕದಲ್ಲಿ ದಿನಾ ಮಲಗುತ್ತೇನಲ್ಲ ಎಂದು ಅವಳಿಗೆ ಹೇಸಿಗೆಯಾಯಿತು.

ಸರ್ಪಸುತ್ತು ಎಂದರೆ ಮೈಯ ಒಂದೇ ಮಗ್ಗುಲಿಗೆ ನೀರುಗುಳ್ಳೆ ಎದ್ದು, ಉರಿದು, ಕೆಲವು ವಾರಕ್ಕೆ ಹೋಗುತ್ತದೆ, ಎರಡು ವರ್ಷ ಕೂರುವುದಿಲ್ಲ, ಇದು ದಾರದ ಜಾಡು ಹಿಡಿದು ಹಬ್ಬಿದ ಬೂಷ್ಟು ಎಂದು ಡಾಕ್ಟರು ಬಿಡಿಸಿ ಹೇಳಿದರು. ಹೇಳಿ ಕತ್ತರಿ ತೆಗೆದರು. ತಿಪ್ಪೇಶ ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡು ಗೋಡೆಗೆ ಸರಿದ.

"ಬೇಕಾದ್ರೆ ಚರ್ಮ ಕೀಳ್ರಿ ಮೇಡಂ, ದಾರ ಮುಟ್ಟಬ್ಯಾಡ್ರಿ. ನನ್ನ ಹೆಂಡ್ತಿ ಇನ್ನೂ ಬದುಕ್ಯಾಳೆ."

ಡಾಕ್ಟರಿಗೆ ಅರ್ಥವಾಗಲಿಲ್ಲ. ಶಶಿರೇಖಾ ತಲೆ ತಗ್ಗಿಸಿ ತಮ್ಮ ಪದ್ಧತಿ ವಿವರಿಸಬೇಕಾಯಿತು. ಹೇಳುತ್ತ ಹೇಳುತ್ತ ಅವಳಿಗೆ ಗಂಡನ ಮುಖ ಕಂಡಿತು. ಅವನು ಹಟಕ್ಕೆ ಹೇಳುತ್ತಿರಲಿಲ್ಲ, ನಿಜಕ್ಕೂ ಹೆದರಿದ್ದ, ಅದೂ ಅವಳಿಗಾಗಿ. ಅದು ತಿಳಿದು ಅವಳ ಹೇಸಿಗೆ ಕಮ್ಮಿಯಾಗಬೇಕಿತ್ತು. ಆಗಲಿಲ್ಲ. ಇಂಥ ಪ್ರೀತಿ ತಗೊಂಡು ಏನು ಮಾಡಲಿ, ಮೈಗೆ ಹಚ್ಚಿಕೊಳ್ಳಲಾ ಎಂದುಕೊಂಡಳು.

ಡಾಕ್ಟರು ಬಲವಂತ ಮಾಡಲಿಲ್ಲ. ಶಶಿರೇಖಾಳಿಗೆ ಒಂದು ಕಾಗದ ಬರೆದುಕೊಟ್ಟರು. ಇದು ಅನ್ನದಿಂದ ಹರಡುವ ರೋಗವಲ್ಲ, ಔಷಧಿ ಹಚ್ಚಿ ಉದ್ದ ತೋಳಿನಿಂದ ಮುಚ್ಚಿಕೊಂಡರೆ ಇವರು ಅಡುಗೆ ಮಾಡಬಹುದು ಎಂದು. ಕಾಗದ ಕೊಡುವಾಗ ಒಂದು ಮಾತು ಸೇರಿಸಿದರು. "ನಿಮ್ಮನ್ನ ಎಷ್ಟು ಸಲ ಬೇಕಾದರೂ ವಾಸಿ ಮಾಡ್ತೀನಿ. ಅದು ಇವರ ಸೊಂಟದಲ್ಲಿ ಇರೋವರೆಗೂ ನಿಮಗೆ ಬರ್ತಾನೇ ಇರುತ್ತೆ. ಪ್ರತಿ ತಿಂಗಳು ಕಾಗದ ಕೊಟ್ರೆ ಶಾಲೆಯವರು ನಂಬ್ತಾರಾ?"

ಭಾನುವಾರ ಬೆಳಿಗ್ಗೆ ತಿಪ್ಪೇಶ ಸ್ನಾನಕ್ಕೆಂದು ಹಿತ್ತಲ ಬಚ್ಚಲ ಹತ್ತಿರ ಬಂದಾಗ ಶಶಿರೇಖಾ ಅಲ್ಲಿ ಕತ್ತರಿ ಹಿಡಿದು ಕೂತಿದ್ದಳು. ಹೂವಮ್ಮನಿಗೆ ಹೇಗೆ ವಾಸನೆ ಬಡಿಯಿತೋ, ಓಡಿ ಬಂದು ಮಗನಿಗೆ ಅಡ್ಡ ನಿಂತಳು. ನನ್ನ ಗಂಡ ಮಾಸ್ತಪ್ಪ ಸತ್ತಾಗ ಚಟ್ಟದ ಮೇಲೆ ಅವನ ಉಡಿದಾರ ಕತ್ತರಿಸಿದ್ದನ್ನು ಈ ಕಣ್ಣಿಂದ ಕಂಡಿದ್ದೇನೆ, ಇನ್ನೊಂದು ಸಲ ಕಾಣಲಾರೆ, ಮುತ್ತೈದೆಯೊಬ್ಬಳು ತಾನೇ ಗಂಡನ ಉಡಿದಾರ ಕಡಿದದ್ದು ಏಳು ಊರಲ್ಲಿ ಕೇಳಿಲ್ಲ, ಕಡಿದವಳು ವರ್ಷ ತುಂಬುವುದರೊಳಗೆ ಹೋಗುತ್ತಾಳೆ ಎಂದೆಲ್ಲ ಹೇಳಿದಳು. ಸೊಸೆಯ ಮೇಲಿನ ಕಾಳಜಿಯೋ, ದಾರದ ಮೇಲಿನ ಭಕ್ತಿಯೋ, ಅವಳಿಗೇ ಗೊತ್ತಿತ್ತೋ ಇಲ್ಲವೋ.

ಶಶಿರೇಖಾ ಅತ್ತೆಯ ಕಡೆ ನೋಡಲೂ ಇಲ್ಲ. ಗಂಡನಿಗೆ ಮಾತ್ರ ಹೇಳಿದಳು.

"ನನ್ನ ಕೈಯಾಗಿನ ಅನ್ನ ಶಾಲೇಲಿ ಯಾರೂ ಉಣ್ಣಲ್ಲ. ಮನೇಲೂ ಉಣ್ಣಲ್ಲ. ನೀವು ಉಂಡು ಎರಡು ತಿಂಗಳಾತು. ಸತ್ತೋಳಿಗೂ ನಂಗೂ ಏನು ಫರಕು ಐತ್ರಿ? ನಾಳೆ ನಾನು ಆ ಒಲೆ ಮುಂದೆ ನಿಲ್ಲಬೇಕು. ನಾನು ಬದುಕಿರ್ಬೇಕೋ, ನಿಮ್ಮ ದಾರ ಬದುಕಿರ್ಬೇಕೋ, ಹೇಳ್ರಿ."

ತಿಪ್ಪೇಶನ ಕೈ ತಾನಾಗಿ ಸೊಂಟಕ್ಕೆ ಹೋಯಿತು, ಕೆರೆಯಿತು, ನಿಂತಿತು. ಆಮೇಲೆ ಅಮ್ಮನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಬನಿಯನ್ ಬಿಚ್ಚಿ, ಎರಡೂ ಕೈ ಮೇಲೆತ್ತಿ ಕಣ್ಣು ಮುಚ್ಚಿದ.

ಒಂದೇ ಸಲಕ್ಕೆ ಕತ್ತರಿ ಆಡಲಿಲ್ಲ. ನೆನೆದು ದಪ್ಪನಾದ ದಾರ ಜಾರಿ ಜಾರಿ ಹೋಯಿತು. ಎಳೆಎಳೆಯಾಗಿ ಕಡಿಯಬೇಕಾಯಿತು. ಐದನೆಯದು, ಎಲ್ಲಕ್ಕಿಂತ ಹಳೆಯದು, ಚರ್ಮದೊಳಗೇ ಹೂತು ಹೋಗಿತ್ತು. ಅದನ್ನು ನೀರು ಹನಿಸಿ ಬಿಡಿಸುವಾಗ ಬಂದ ವಾಸನೆಗೆ ಶಶಿರೇಖಾ ಮೋರಿಯ ಕಡೆ ತಿರುಗಿ ಎರಡು ಸಲ ವಾಂತಿ ಮಾಡಿಕೊಂಡಳು. ಬಾಯಿ ಒರೆಸಿಕೊಂಡು ಮತ್ತೆ ಬಂದು ಕಡಿದಳು. ಇಡೀ ಗಂಟು ಸತ್ತ ಹಾವಿನ ಮರಿಯ ಹಾಗೆ ಒಗೆಯುವ ಕಲ್ಲಿನ ಮೇಲೆ ಬಿತ್ತು.

ದಾರ ಬಿದ್ದದ್ದೇ ತಡ, ಹೂವಮ್ಮ ನೆಲಕ್ಕೆ ಕುಸಿದು ಹಾಡಿಕೊಂಡು ಅಳಲು ಶುರು ಮಾಡಿದಳು. ಸತ್ತವರ ಮನೆಯಲ್ಲಿ ಅಳುವ ಅಳು ಅದು. ಅವಳು ಬೇಕೆಂದು ಮಾಡಿದ್ದಲ್ಲ. ಉಡಿದಾರ ಕಡಿದರೆ ಬಾಯಿಗೆ ಬರುವುದು ಅದೊಂದೇ. ಸೊಸೆಯನ್ನೇ ಹೆಸರು ಹಿಡಿದು ಕರೆದಳು. "ಎಂಥಾ ಕೈ ಇತ್ತೇ ಶಶೀ ನಿಂದು, ಹುಳಿ ಹದ ಬಲ್ಲ ಕೈ, ನೂರು ಮಕ್ಕಳಿಗೆ ಉಣ್ಣಿಸಿದ ಕೈ, ನನ್ನ ಕಾಲು ಮುರಿದಾಗ ಮೂರು ತಿಂಗಳು ಮೈ ತೊಳೆದ ಕೈ" ಎಂದು ಎದೆ ಬಡಿದುಕೊಂಡಳು. ಶಶಿರೇಖಾ ಕತ್ತರಿ ಹಿಡಿದು ಎದುರಿಗೇ ನಿಂತು ಕೇಳಿಸಿಕೊಂಡಳು. ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ಬಾಯಿ ಬಿಟ್ಟು ಆಡದ ಮಾತುಗಳು. ಸಾಯದೆ ಇವುಗಳನ್ನು ಕೇಳಿಸಿಕೊಂಡವಳು ತಾನೊಬ್ಬಳೇ ಇರಬೇಕು ಎನ್ನಿಸಿ ಅವಳಿಗೆ ಮೊದಲು ಸಿಟ್ಟು ಬಂತು, ಆಮೇಲೆ ಕಣ್ಣಲ್ಲಿ ನೀರು ಬಂತು.

ಸಾವಿನ ಅಳು ಕೇಳಿ ಬೀದಿಯ ಹೆಂಗಸರು ಸುಮ್ಮನಿರುತ್ತಾರೆಯೇ? ಕೈಯಲ್ಲಿದ್ದದ್ದನ್ನು ಬಿಟ್ಟು ಹಿತ್ತಲಿಗೆ ನುಗ್ಗಿದರು. ಹೋದವರು ಯಾರು ಎಂದು ಒಬ್ಬರನ್ನೊಬ್ಬರು ಕೇಳುತ್ತ ಬಂದವರಿಗೆ ಕಂಡದ್ದು ಲುಂಗಿ ಹಿಡಿದು ನಿಂತ ತಿಪ್ಪೇಶ, ಅವನ ಸೊಂಟದ ಸುತ್ತ ಬೆಳ್ಳಗೆ ಕೆಂಪಗೆ ಹಸಿ ಪಟ್ಟಿ, ಕಲ್ಲಿನ ಮೇಲೆ ದಾರದ ಗಂಟು. ಮೂಗಿಗೆ ಸೆರಗು ಹಿಡಿದರು. ಅವರಲ್ಲಿ ಧನಲಕ್ಷ್ಮಿಯೂ ಇದ್ದಳು.

ತಿಪ್ಪೇಶ ಒಳಗೆ ಓಡಲು ನೋಡಿದ. ಶಶಿರೇಖಾ ಅವನ ತೋಳು ಹಿಡಿದು ನಿಲ್ಲಿಸಿದಳು. ಯಾರೂ ಸತ್ತಿಲ್ಲ, ನನ್ನ ಕೈಗೆ ಬಂದದ್ದು ಇಲ್ಲಿಂದ, ಎಲ್ಲರೂ ಚೆನ್ನಾಗಿ ನೋಡಿಕೊಳ್ಳಿ ಎಂದಳು. ಇದು ಬೂಷ್ಟು, ಅನ್ನದಲ್ಲಿ ಬರುವುದಿಲ್ಲ, ಒದ್ದೆ ಬಟ್ಟೆಯಲ್ಲಿ, ಒಂದೇ ಟವೆಲ್ಲಿನಲ್ಲಿ, ಒಂದೇ ಹಾಸಿಗೆಯಲ್ಲಿ ಬರುತ್ತದೆ, ಅಂಗಡಿಯ ಟ್ಯೂಬು ಹಚ್ಚಿದರೆ ಹೀಗಾಗುತ್ತದೆ ಎಂದು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಹೆಂಗಸರು ಒಬ್ಬೊಬ್ಬರೇ ಜಾರಿಕೊಳ್ಳತೊಡಗಿದರು. ಧನಲಕ್ಷ್ಮಿ ಮಾತ್ರ ಹೋಗಲಿಲ್ಲ. ಹೋಗುವ ನಾಲ್ಕೈದು ಜನರ ಬೆನ್ನು ನೋಡುತ್ತ, ಅವರಿಗೆ ಕೇಳಿಸದ ಹಾಗೆ ಶಶಿರೇಖಾಳ ಹತ್ತಿರ ಬಂದಳು. ಬಂದು ಕಿವಿಯ ಹತ್ತಿರ ಬಾಯಿ ತಂದಳು.

"ಯಾವ ಡಾಕ್ಟ್ರು ಶಶಿ? ನಮ್ಮನೆಯವರಿಗೂ ಒಂದು ವರ್ಷದಿಂದ ಹಿಂಗೇ ಐತಿ. ನಂಗೂ."

ಶಶಿರೇಖಾಳ ಮೈ ಉರಿಯಿತು. ಮೋರಿಗೆ ಸುರಿದ ಅನ್ನ, ಬಾಯಿಂದ ಹೊರಗೆ ಬಂದ ತುತ್ತು, ಎರಡು ತಿಂಗಳ ಬೇರೆ ಒಲೆ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಅವಳನ್ನು ಅಲ್ಲೇ ಕಲ್ಲಿಗೆ ತಳ್ಳಿಬಿಡಬೇಕು ಎನ್ನಿಸಿತು. ತಳ್ಳಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದಳು.

"ಯಾಕೆ ಮೆತ್ತಗೆ ಹೇಳ್ತೀಯ?" ಎಂದಳು. "ನಂದು ಹೇಳುವಾಗ ಇಡೀ ಶಾಲೆಗೆ ಕೇಳೋ ಹಂಗೆ ಹೇಳಿದ್ದೆ."

ಹೂವಮ್ಮನ ಅಳು ನಿಂತಿತು. ಹಿತ್ತಲ ಬಾಗಿಲು ದಾಟುತ್ತಿದ್ದ ಹೆಂಗಸರು ತಿರುಗಿ ನೋಡಿದರು. ಧನಲಕ್ಷ್ಮಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಕೆಂಪಗಾಗಿ, ಬೆವತು, ಕೊನೆಗೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ನಂಗೂ ಐತಿ."